ಹಿತ್ತಲ ಗಿಡ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕೈಗೆಟುಕುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯದೆಂಬುದು ಅದರ ಇಂಗಿತ. ಆದರೆ ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಸೊಸೆಗೆ ಆ ಗಾದೆ ಬೇರೊಂದು ಅರ್ಥವನ್ನು ಹೊತ್ತು ಎದುರು ನಿಂತಿತು. ಗಿಡವು ಮದ್ದು ಹೌದೋ ಅಲ್ಲವೋ ಎಂಬ ಪ್ರಶ್ನೆ ಹಿಂದೆ ಸರಿಯಿತು. ಅದನ್ನು ಮನೆಯಲ್ಲಿಟ್ಟುಕೊಂಡವರು ಅಪರಾಧಿಗಳು ಹೌದೋ ಅಲ್ಲವೋ ಎಂಬುದೇ ಅವಳ ನಿದ್ದೆ ಕೆಡಿಸಿತು.

ಅವಳ ತವರು ಸವಣೂರು. ನವಾಬರು ಆಳಿದ ಆ ಪಟ್ಟಣದ ವೀಳ್ಯದೆಲೆ ನಾಲ್ಕು ಸೀಮೆಗೆ ಹೆಸರಾದದ್ದು. ಮದುವೆಯಾಗಿ ಬಂದ ವರುಷದಿಂದ, ತವರಿಗೆ ಹೋಗಿ ಬರುವಾಗಲೆಲ್ಲ ಅತ್ತೆಗೆಂದು ಒಂದು ಕಟ್ಟು ಎಲೆ ತರುವುದು ಅವಳ ವಾಡಿಕೆ. ಅತ್ತೆಯಾದರೋ ಬರಿಯ ಎಲೆಯನ್ನು ಮೆಲ್ಲುವವಳಲ್ಲ. ಅಡಿಕೆ, ಸುಣ್ಣ, ಕೊನೆಗೊಂದು ಚಿಟಿಕೆ ತಂಬಾಕು ಬೀಳದೆ ಆ ಬಾಯಿಗೆ ತೃಪ್ತಿಯಿರಲಿಲ್ಲ. ನಲವತ್ತು ವರುಷಗಳ ಆ ಚಟದ ಫಲ ಎಡದವಡೆಯ ಒಳಗಡೆ ಒಂದು ಹುಣ್ಣಾಗಿ ಕಾಣಿಸಿಕೊಂಡಿತು. ಹಲ್ಲು ತಾಗಿ ಆದ ಗಾಯವೆಂದು ಅರಿಸಿನ ಹಚ್ಚಿದರು, ಉಪ್ಪುನೀರು ಮುಕ್ಕಳಿಸಿದರು. ಬಾಯಿ ತೆರೆಯುವುದೇ ಕಷ್ಟವಾದಾಗ ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದರು. ಕ್ಯಾನ್ಸರೆಂದು ಗೊತ್ತಾಯಿತು. ಕಿರಣಚಿಕಿತ್ಸೆ ನಡೆಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಗಂಟು ಕೊರಳಿಗೆ ಇಳಿದಿತ್ತು. “ಇನ್ನು ಮನೆಯಲ್ಲೇ ಇರಲಿ” ಎಂದರು ವೈದ್ಯರು.

ಮನೆಯಲ್ಲೇ ಇರಲಿ ಎಂಬ ಎರಡು ಮಾತಿನೊಳಗೆ ಎಷ್ಟು ರಾತ್ರಿಗಳು ಅಡಗಿವೆಯೆಂಬುದನ್ನು ಆರೈಕೆ ಮಾಡಿದವರೇ ಬಲ್ಲರು. ಹಗಲಾದರೆ ಬಂದವರ ಮುಖ, ಮೊಮ್ಮಕ್ಕಳ ಗದ್ದಲ, ದನಕರುಗಳ ಸದ್ದು ನೋವನ್ನು ಅಷ್ಟಿಷ್ಟು ಹಂಚಿಕೊಳ್ಳುತ್ತಿದ್ದವು. ರಾತ್ರಿ ಮಾತ್ರ ನೋವಿಗೂ ಮುದುಕಿಗೂ ನಡುವೆ ಯಾರೂ ಇರುತ್ತಿರಲಿಲ್ಲ. ಅತ್ತೆ ಅರಚುವ ಹೆಂಗಸಲ್ಲ. ಸೆರಗನ್ನು ಸುರುಳಿ ಸುತ್ತಿ ಎಡದವಡೆಗೆ ಒತ್ತಿ ಹಿಡಿದು, ಗೋಡೆಯ ಕಡೆ ಹೊರಳಿ, ಸಣ್ಣ ದನಿಯಲ್ಲಿ ನರಳುವಳು. ಗಂಡ ಹೊರಗಿನ ಕಟ್ಟೆಯ ಮೇಲೆ ಮಲಗುತ್ತೇನೆಂದು ಎದ್ದುಹೋಗುವನು. ತಾಯಿಯ ನರಳಾಟವನ್ನು ಕೇಳಲಾರದೆ ಹೋಗುತ್ತಾನೆಂಬುದು ಅವಳಿಗೆ ತಿಳಿದಿತ್ತು. ಹೋಗುವ ಸ್ವಾತಂತ್ರ್ಯ ತನಗಿಲ್ಲವೆಂಬುದೂ ತಿಳಿದಿತ್ತು.

ಹೀಗಿರುವಾಗ ಒಂದು ದಿನ ಹಿರೇಕೆರೂರ ಕಡೆಯಿಂದ ಗಂಡನ ಕಾಕಾ ಬಂದರು. ಅತ್ತಿಗೆಯ ಸ್ಥಿತಿ ನೋಡಿ ಅವರ ಕಣ್ಣು ತುಂಬಿತು. ಹೊರಡುವ ಮುನ್ನ ಒಳಮನೆಗೆ ಬಂದು, ಪಂಚೆಯ ಮಡಿಕೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ಸೊಸೆಯ ಕೈಗಿತ್ತರು.

“ಭಂಗಿ ಸೊಪ್ಪೈತಿ. ಹಾಲಿನ್ಯಾಗ ಅರದು ಒಂದ್ ಚಮಚ ಕೊಡವಾ. ಒಂದ್ ರಾತ್ರಿಯಾದರೂ ಕಣ್ಣು ಮುಚ್ಚಲಿ.”

“ಇದು ಗಾಂಜಾ ಅಲ್ಲೇನ್ರಿ ಮಾವಾರ?”

“ನಮ್ಮಪ್ಪನ ಕಾಲದಾಗ ಇದಕ್ಕ ಔಷಧ ಅಂತಿದ್ರು. ಈಗೇನಂತಾರೋ, ಯಾರು ಬಲ್ಲರು!”

ಹಿರಿಯರು ಆಡಿದ ಮಾತು ಸುಳ್ಳಲ್ಲ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂದು ಹೆಸರು. ಔಷಧಗಳ ನಿಯಮಾವಳಿಯಲ್ಲಿ ಇಂದಿಗೂ ಭಂಗಿಯು ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಎಂದರೆ ಔಷಧವೆಂಬ ಗೌರವವನ್ನು ಪೂರ್ತಿ ಕಳೆದುಕೊಂಡಿಲ್ಲ. 1839ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಓಶಾನೆಸಿ ಎಂಬ ವೈದ್ಯನು ಧನುರ್ವಾಯು, ಮಕ್ಕಳ ಸೆಳವು ಮೊದಲಾದವುಗಳಲ್ಲಿ ಇದನ್ನು ಪ್ರಯೋಗಿಸಿ ಬರೆದ ಮೇಲೆಯೇ ಪಶ್ಚಿಮದ ವೈದ್ಯರು ಇದರತ್ತ ಕಣ್ಣು ತಿರುಗಿಸಿದರು. 1893ರಲ್ಲಿ ಆಂಗ್ಲ ಸರಕಾರವು ಭಂಗಿ ಗಾಂಜಾಗಳ ವಿಚಾರಣೆಗೆ ಒಂದು ಆಯೋಗವನ್ನೇ ನೇಮಿಸಿತು. ಸಾವಿರಕ್ಕೂ ಮೇಲ್ಪಟ್ಟು ಸಾಕ್ಷಿಗಳನ್ನು ಕೇಳಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ಣ ನಿಷೇಧ ಬೇಡ, ನಿಯಂತ್ರಣ ಸಾಕು ಎಂದು ಆ ಆಯೋಗ ವರದಿಯಿತ್ತಿತು. ಆಗ ಹಾನಗಲ್ಲ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ.

ಆದರೆ ಸೊಸೆಗೆ ಆಯೋಗದ ವರದಿ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದುದು ಒಂದೇ: ಗೋವಿನಜೋಳದ ಸಾಲಿನ ನಡುವೆ ಗಾಂಜಾ ಗಿಡ ಬೆಳೆಸಿದವರನ್ನು ಪೊಲೀಸರು ಹಿಡಿದೊಯ್ಯುತ್ತಾರೆ, ಕಿತ್ತ ಗಿಡಗಳನ್ನು ಮುಂದೆ ಹರಡಿ ಪತ್ರಿಕೆಯಲ್ಲಿ ಅವರ ಚಿತ್ರ ಹಾಕುತ್ತಾರೆ. ಪೊಟ್ಟಣವನ್ನು ಜೋಳದ ಚೀಲದ ನಡುವೆ ಹುದುಗಿಸಿಟ್ಟಳು. ಆ ರಾತ್ರಿ ಅತ್ತೆ ನರಳಿದಳು, ಇವಳು ಎದ್ದು ಚೀಲದವರೆಗೆ ಹೋದಳು, ತಿರುಗಿ ಬಂದಳು. ಎರಡನೆಯ ರಾತ್ರಿ ಹಾಲನ್ನೂ ಬಿಸಿ ಮಾಡಿದಳು. ಅರೆಯುವ ಕಲ್ಲಿನ ಸದ್ದು ನೆರೆಮನೆಗೆ ಕೇಳಿಸೀತೆಂಬ ಭಯ ಒಂದು ಕಡೆ. ಉಗುಳು ನುಂಗಲಾರದವಳಿಗೆ ಅಳತೆ ತಿಳಿಯದ ಸೊಪ್ಪು ಹಾಕಿ, ತಲೆ ತಿರುಗಿ ಏನಾದರೂ ಆದರೆ ಪಾಪ ಯಾರದೆಂಬ ಭಯ ಇನ್ನೊಂದು ಕಡೆ. ಬಿಸಿ ಮಾಡಿದ ಹಾಲು ಬೆಳಗ್ಗೆ ಬೆಕ್ಕಿನ ಪಾಲಾಯಿತು.

ಮೂರನೆಯ ದಿನ ಅವಳು ಬಸ್ಸು ಹತ್ತಿ ಬಂಕಾಪುರದ ಮೇಲೆ ಶಿಗ್ಗಾವಿಗೆ ಹೋದಳು. ಅಲ್ಲಿ ಅವಳ ದೊಡ್ಡಪ್ಪನ ಮಗ ವಕೀಲಿ ಮಾಡುತ್ತಿದ್ದನು.

“ಅಣ್ಣಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ” ಎಂದು ಎಲ್ಲವನ್ನೂ ಹೇಳಿದಳು.

ವಕೀಲನು ಕೇಳಿದ ಮೊದಲ ಮಾತು, “ಪೊಟ್ಟಣ ಇಲ್ಲಿಗೆ ತಂದೀಯೇನು?” ಎಂಬುದು. ಇಲ್ಲವೆಂದ ಮೇಲೆ ಅವನು ನಿಟ್ಟುಸಿರಿಟ್ಟು, ಕಪಾಟಿನಿಂದ ಪುಸ್ತಕ ತೆಗೆದನು.

1985ರ ನವೆಂಬರಿನಲ್ಲಿ ಜಾರಿಗೆ ಬಂದ ಮಾದಕ ವಸ್ತುಗಳ ಕಾಯಿದೆ ಓದುವುದಕ್ಕೆ ಸರಳ. ಅರ್ಥಕ್ಕೆ ಮಾತ್ರ ಸಿಕ್ಕು. ಅದರ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಭಾರತವೂ ಒಪ್ಪಿದ 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೇ ಎಲೆಗೆ ಈ ವಿನಾಯಿತಿಯಿತ್ತು. ಆದ್ದರಿಂದ ಎಲೆಯ ಯೋಗಕ್ಷೇಮವನ್ನು ಆಯಾ ರಾಜ್ಯದ ಅಬಕಾರಿ ಕಾನೂನು ನೋಡಿಕೊಳ್ಳುತ್ತದೆ. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಭಂಗಿ ಇಟ್ಟುಕೊಂಡಿದ್ದ ಒಬ್ಬನಿಗೆ ಜಾಮೀನು ಕೊಡುವಾಗ, ಭಂಗಿಯು ಈ ಕಾಯಿದೆಯ ಗಾಂಜಾ ಎಂಬ ವ್ಯಾಖ್ಯೆಗೆ ಬರುವುದಿಲ್ಲವೆಂದೂ, ಹಿಡಿದ ಮಾಲು ಗಾಂಜಾದಿಂದ ತಯಾರಾದುದೆಂದು ತೋರಿಸುವ ಆಧಾರ ಮುಂದಿಲ್ಲವೆಂದೂ ಹೇಳಿತು.

“ಹಂಗಾದ್ರ ತಪ್ಪಿಲ್ಲೇನಣ್ಣಾ?” ಎಂದಳು ಅವಳು. ಅವಳ ದನಿಯಲ್ಲಿ ಆಸೆ ಚಿಗುರಿತ್ತು.

“ನಿನ್ನ ಪೊಟ್ಟಣದಾಗ ಎಲಿ ಅಷ್ಟೇ ಐತೋ, ಹೂವೂ ಐತೋ?”

ಅವಳಿಗೆ ಅಂಟಂಟಾದ ಗೊಂಚಲುಗಳು ನೆನಪಾದವು. ಅಲ್ಲಿಗೆ ಎಲೆಯ ವಿನಾಯಿತಿ ಮುಗಿಯಿತು. ಒಂದು ಕಿಲೊ ಮೀರದ ಗಾಂಜಾ ಅಲ್ಪ ಪ್ರಮಾಣವೆನಿಸಿದರೂ ಒಂದು ವರುಷದವರೆಗೆ ಸೆರೆ, ಹತ್ತು ಸಾವಿರದವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಮೇಲಾಗಿ, ವಸ್ತು ಮನೆಯಲ್ಲಿ ಸಿಕ್ಕಿದ ಮೇಲೆ ಅದು ಅಪರಾಧಕ್ಕಲ್ಲವೆಂದು ವಿವರಿಸುವ ಹೊಣೆ ಇಟ್ಟುಕೊಂಡವರ ಮೇಲೆಯೇ ಬೀಳುತ್ತದೆ. ಹೂವೋ ಎಲೆಯೋ ಎಂಬುದನ್ನು ಪ್ರಯೋಗಾಲಯ ತೀರ್ಮಾನಿಸುವವರೆಗೆ ಮುದುಕಿಯ ಬಾಯಿಗೆ ನೀರು ಹಾಕುವವರು ಯಾರು?

ಅದೇ ಕಾಯಿದೆಯ ಎಂಟನೆಯ ಕಲಮು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳನ್ನು ನಿಷೇಧದಿಂದ ಬಿಟ್ಟುಕೊಟ್ಟಿದೆ. ಬಾಗಿಲಿದೆ, ಬಾಗಿಲವರೆಗೆ ಹಳ್ಳಿಯವರು ನಡೆದುಹೋಗುವ ದಾರಿಯಿಲ್ಲ. ಹೊರದೇಶಗಳಲ್ಲಿ ಕೆಲವರು ಆ ದಾರಿಯನ್ನು ಮಾಡಿಕೊಂಡರು. 1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮತದಾರರು ವೈದ್ಯರ ಸಲಹೆಯಿದ್ದ ರೋಗಿಗೆ ಮಾತ್ರವಲ್ಲದೆ ಅವನ ಆರೈಕೆಯ ಹೊಣೆ ಹೊತ್ತವರಿಗೂ ಕಾನೂನಿನ ಆಸರೆ ಕೊಟ್ಟರು. 2018ರಲ್ಲಿ ಬ್ರಿಟನ್ನು ವಿಶೇಷ ವೈದ್ಯರ ಚೀಟಿಯ ಮೇಲೆ ಇದರ ಔಷಧಗಳಿಗೆ ಅನುಮತಿಯಿತ್ತಿತು. ಅದಕ್ಕೆ ಕಾರಣರಾದವರು ಸೆಳವಿನ ರೋಗದ ಮಕ್ಕಳ ತಾಯಂದಿರು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಗಾಂಜಾವನ್ನು ಅತ್ಯಂತ ಕಠಿಣ ಪಟ್ಟಿಯಿಂದ ಕೈಬಿಟ್ಟಾಗ ಪರವಾಗಿ ಮತವಿತ್ತ 27 ದೇಶಗಳಲ್ಲಿ ಭಾರತವೂ ಒಂದು. ಆದರೆ ನಮ್ಮ 1985ರ ಕಾಯಿದೆಯಲ್ಲಿ, ಗಾಂಜಾದ ಮಟ್ಟಿಗೆ, ಆರೈಕೆ ಮಾಡುವವರಿಗೆಂದು ರಕ್ಷಣೆಯ ಮಾತಿಲ್ಲ. ಮಾರುವವನೂ ಅತ್ತೆಯ ತಲೆದಿಂಬಿನ ಬಳಿ ಕೂತ ಸೊಸೆಯೂ ಅದರ ಕಣ್ಣಿಗೆ ಒಂದೇ ಸಾಲಿನವರು.

ವಕೀಲನು ಪುಸ್ತಕ ಮುಚ್ಚಿದನು. ಅವನ ಮುಖದಲ್ಲಿ ನಾಚಿಕೆಯಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂಗೀ, ನೋವಿಗೆ ಡಾಕ್ಟರು ಮಾರ್ಫಿನ್ ಗುಳಿಗಿ ಕೊಟ್ಟಾರೇನು?” ಎಂದು ಕೇಳಿದನು. ಆ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ.

ಅಸಲು ವಿಪರ್ಯಾಸವಿರುವುದು ಇಲ್ಲಿ. ಗಾಂಜಾದ ಗುಣದೋಷಗಳ ಬಗೆಗೆ ವೈದ್ಯರಲ್ಲಿ ಒಮ್ಮತವಿಲ್ಲ. ಮಕ್ಕಳ ಕೆಲವು ಕಠಿಣ ಸೆಳವುಗಳಿಗೆ, ಕ್ಯಾನ್ಸರ್ ಔಷಧದಿಂದ ಬರುವ ವಾಂತಿಗೆ ಅದರ ಸತ್ವ ಉಪಯುಕ್ತವೆಂದು ಕಂಡಿದೆ, ಕ್ಯಾನ್ಸರಿನ ನೋವಿಗೆ ಅಷ್ಟು ಖಚಿತವಾಗಿ ಹೇಳಲಾಗದು. ಮಾರ್ಫಿನ್ನಿನ ಮಾತು ಹಾಗಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಅದೇ ಮುಖ್ಯ ಮದ್ದೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಸಾರಿತ್ತು. ಅದು ಅಫೀಮಿನ ಸತ್ವ. ಅಫೀಮನ್ನು ಸರಕಾರದ ಪರವಾನಗಿಯಿಂದ ಬೆಳೆದು ಹೊರದೇಶದ ಔಷಧ ಕಾರಖಾನೆಗಳಿಗೆ ಕಳಿಸುವ ದೇಶ ನಮ್ಮದೇ. ಆದರೂ 1985ರ ಕಾಯಿದೆಯ ಕಠಿಣ ಶಿಕ್ಷೆಗೂ ಹಲವು ಇಲಾಖೆಗಳ ಪರವಾನಗಿಗಳಿಗೂ ಅಂಜಿ ಆಸ್ಪತ್ರೆಗಳೂ ಅಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಷ್ಟು ದೊಡ್ಡ ದೇಶದ ರೋಗಿಗಳು ವರುಷಕ್ಕೆ ಬಳಸಿದ ಮಾರ್ಫಿನ್ 18 ಕಿಲೊ! ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವು ಶಮನದ ಸಂಘ ಕಟ್ಟಿದ ಡಾಕ್ಟರ್ ರಾಜಗೋಪಾಲರಂಥವರು ಇಪ್ಪತ್ತು ವರುಷ ಹೋರಾಡಿದ ಮೇಲೆ 2014ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದಿತು. ಮಾರ್ಫಿನ್ ಸಹಿತ ಆರು ಔಷಧಗಳು ‘ಅತ್ಯಗತ್ಯ’ವೆನಿಸಿದವು; ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಅವನ್ನು ಇಟ್ಟುಕೊಂಡು ಕೊಡಬಹುದೆಂದಾಯಿತು. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ಅದು ರೂಢಿಯ ಮಾತು. ಹಾನಗಲ್ಲಿನ ಹಳ್ಳಿಗೆ ಆ ಸುದ್ದಿಯನ್ನು ಮುಟ್ಟಿಸಿದವರು ಯಾರೂ ಇರಲಿಲ್ಲ.

ಗಂಡಹೆಂಡಿರು ಮತ್ತೆ ಪಟ್ಟಣಕ್ಕೆ ಹೋದರು. ಈ ಸಲ ಅವಳು ಕೈಕಟ್ಟಿ ನಿಲ್ಲಲಿಲ್ಲ. “ನಮ್ಮತ್ತಿ ಬದುಕತಾಳೇನ್ರಿ ಅಂತ ಕೇಳೂದಿಲ್ಲ. ನೋವಿಗೆ ಏನ್ ಕೊಡ್ತೀರಿ ಹೇಳ್ರಿ” ಎಂದಳು. ಒಂದು ಕಡೆ ಇಲ್ಲವೆಂದರು. ಇನ್ನೊಂದು ಕಡೆ ಚಟ ಹತ್ತೀತೆಂದರು. ಸಾಯುವ ಮುದುಕಿಗೆ ಹತ್ತುವ ಚಟದ ಚಿಂತೆ! ಮೂರನೆಯ ಕಡೆ, ನೋವು ಶಮನದ ತರಬೇತಿ ಪಡೆದ ಒಬ್ಬ ವೈದ್ಯೆ ಎಲ್ಲವನ್ನೂ ಕೇಳಿ, ಚೀಟಿ ಬರೆದು, ಮಾತ್ರೆಗಳನ್ನು ಎಣಿಸಿಕೊಟ್ಟರು. ನಾಲ್ಕು ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಮಲಬದ್ಧತೆಗೆ ಜೊತೆಯಲ್ಲೇ ಔಷಧ ಬೇಕು, ಚೀಟಿಯನ್ನು ಕಳೆಯಬಾರದು, ಉಳಿದದ್ದನ್ನು ಮರಳಿಸಬೇಕು ಎಂದು ಬಿಡಿಸಿ ಹೇಳಿದರು.

ಎರಡನೆಯ ರಾತ್ರಿ ಅತ್ತೆ ನಿದ್ದೆಹೋದಳು. ಮನೆಯಲ್ಲಿ ಅಷ್ಟೊಂದು ನಿಶ್ಶಬ್ದ ಬಹಳ ದಿನಗಳಿಂದ ಇರಲಿಲ್ಲ. ಸೊಸೆ ಗಾಬರಿಗೊಂಡು ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗೆ ತಾಗಿತು. ಹೊರಗೆ ಮಲಗಿದ್ದ ಗಂಡ ತಾನಾಗಿ ಎದ್ದು ಒಳಗೆ ಬಂದು, ತಾಯಿಯ ಕಾಲ ಬಳಿ ಚಾಪೆ ಹಾಸಿಕೊಂಡನು. ಅತ್ತೆ ಇನ್ನೂ ಐವತ್ತು ದಿನ ಬದುಕಿದಳು. ಅಷ್ಟರಲ್ಲಿ ಮೊಮ್ಮಗಳಿಗೆ ಎರಡು ಹಂತಿಯ ಹಾಡು ಕಲಿಸಿದಳು. ಒಡವೆ ಯಾರಿಗೆಂದು ಹೇಳಿದಳು. ತಾನು ತಂದುಕೊಟ್ಟ ಎಲೆಯೇ ಮುಳುವಾಯಿತೆಂದು ಸೊಸೆ ಅತ್ತಾಗ, “ಎಲಿ ಏನ್ ಮಾಡೀತು, ತಂಬಾಕ ನಾ ಹಾಕ್ಕೊಂಡೆ” ಎಂದು ಅವಳ ತಲೆ ನೇವರಿಸಿದಳು.

ಆ ತಂಬಾಕು ಇಂದಿಗೂ ಊರ ಅಂಗಡಿಯಲ್ಲಿ ಹಾರದಂತೆ ತೂಗಾಡುತ್ತದೆ. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಅಡಿಕೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ರೋಗ ತರುವ ವಸ್ತುವಿಗೆ ಯಾರ ಚೀಟಿಯೂ ಬೇಡ. ನೋವು ಕಳೆಯುವ ವಸ್ತುವಿಗಾಗಿ ಮೂರು ಊರು ಅಲೆಯಬೇಕು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ನೋವಿನಲ್ಲಿ ಸೆರಗು ಕಚ್ಚಿ ಮಲಗಿದವರಿಗೆ ಆ ಘನತೆ ಎಲ್ಲಿಂದ ಬರಬೇಕು?

ಪೊಟ್ಟಣದ ಮಾತು ಉಳಿಯಿತು. ಸುಟ್ಟರೆ ವಾಸನೆ ಹರಡೀತೆಂದು ಸೊಸೆ ಅದನ್ನು ತಿಪ್ಪೆಯಲ್ಲಿ ಹೂತಿದ್ದಳು. ಮರುವರುಷ ಮಿರಗದ ಮಳೆ ಬಿದ್ದ ಎಂಟು ದಿನಕ್ಕೆ, ಹಿತ್ತಲಲ್ಲಿ ಗೇಣುದ್ದದ ಒಂದು ಗಿಡ ತಲೆಯೆತ್ತಿತ್ತು. ಗರಗಸದ ಹಲ್ಲಿನಂಥ ಅಂಚುಳ್ಳ ಎಲೆಗಳು, ಕಣ್ಣಿಗೆ ತಂಪಾದ ಹಸಿರು. ಗಿಡ ಬೆಳೆಸಿದವರಿಗೆ ಹತ್ತು ವರುಷದವರೆಗೂ ಸೆರೆಯೆಂದು ಅಣ್ಣ ಹೇಳಿದ್ದು ಅವಳಿಗೆ ನೆನಪಾಯಿತು. ಆಚೀಚೆ ನೋಡಿ, ಬೇರುಸಹಿತ ಕಿತ್ತು, ಬಚ್ಚಲ ಒಲೆಗೆ ಹಾಕಿದಳು. ಆಮೇಲೆ ಕೈ ತೊಳೆದುಕೊಂಡು, ಓಣಿಯ ಕೊನೆಯ ಮನೆಗೆ ಹೊರಟಳು. ಅಲ್ಲಿ ಇನ್ನೊಬ್ಬ ಮುದುಕಿ ಗಂಟಲಿನ ರೋಗದಿಂದ ಮಲಗಿದ್ದಳು. ಅವಳ ಸೊಸೆಗೆ ಆ ಗುಳಿಗೆಯ ಹೆಸರನ್ನು ಹೇಳಿ ಬರಬೇಕಾಗಿತ್ತು.