ನಾನು ಪೆನ್‌ಡ್ರೈವ್ ಕೊಂಡದ್ದು

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರು. ಮಗಳ ಸಂಸಾರ ಅಲ್ಲಿ, ನಮ್ಮಿಬ್ಬರದು ಇಲ್ಲಿ. ಹೀಗಾಗಿ ಎರಡು ತಿಂಗಳಿಗೊಮ್ಮೆಯಾದರೂ ನಾವು ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತುವವರೇ. ಹಿಂದೆ ತುಮಕೂರಿನಿಂದ ಹೊರಟು ಬರುವಾಗ ಹೋಲ್ಡಾಲು, ನೀರಿನ ಕೂಜ, ಮೂರು ಹೊತ್ತಿನ ಬುತ್ತಿ ಎಲ್ಲವೂ ಬೇಕಾಗಿತ್ತು. ಈಗ ಒಂದು ಕೈಚೀಲ, ಮೊಮ್ಮಗಳಿಗೆ ಒಂದು ಡಬ್ಬಿ ಕೋಡುಬಳೆ. ಜೊತೆಗೆ ನನ್ನ ಅಂಗಿಯ ಒಳಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ವಸ್ತು. ರಾಜಮಹೇಂದ್ರಿಯಲ್ಲಿ ಗೋದಾವರಿ ಬಂದಾಗ ಎಲ್ಲರೂ ಕಿಟಕಿಯ ಕಡೆ ತಿರುಗಿದರೆ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಮನೆಯವಳಿಗೆ ಇದೊಂದು ನಗೆಯ ವಿಷಯವಾಗಿದೆ.

ಆ ವಸ್ತುವಿನ ಕಥೆಗೆ ಮೊದಲು ನಮ್ಮ ತಾಯಿಯ ನೋಟುಪುಸ್ತಕದ ವಿಷಯ ಹೇಳಬೇಕು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು ಹೀಗೆ ನಲವತ್ತರಷ್ಟನ್ನು ಅವರು ಸೀಸದ ಕಡ್ಡಿಯಲ್ಲಿ ಬರೆದಿಟ್ಟಿದ್ದರು. ಅಂಚುಗಳನ್ನೆಲ್ಲ ಹುಳು ತಿಂದಿದೆ. ಹುಳು ತಿಂದ ಮಾತುಗಳು ಈಗ ಇರುವುದು ಒಂದೇ ಕಡೆ, ಎಪ್ಪತ್ತೆಂಟು ವರ್ಷದ ನಮ್ಮಕ್ಕನ ತಲೆಯಲ್ಲಿ. ಅವಳು ತುಮಕೂರಿನಿಂದ ಫೋನಿನಲ್ಲಿ ಹೇಳುವುದು, ನಾನು ಇಲ್ಲಿ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುವುದು, ಇದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ.

ಇದಕ್ಕೆ ಎರಡು ವಿಘ್ನಗಳು ಬಂದವು. ನನ್ನ ಮೇಜಿನ ಕಂಪ್ಯೂಟರು ನನ್ನಂತೆಯೇ ಹಳೆಯದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನದನ್ನು ಹಾಕೋಣವೆಂದರೆ ನಿನ್ನ ಯಂತ್ರಕ್ಕೆ ಆ ಯೋಗ್ಯತೆಯಿಲ್ಲ ಎಂದು ಯಂತ್ರವೇ ಹೇಳಿತು. ಇತ್ತ ವಿಜಯವಾಡದಲ್ಲಿ ಅಳಿಯಂದಿರ ಕಂಪ್ಯೂಟರು ಕಚೇರಿಯದು, ಮುಟ್ಟುವ ಹಾಗಿಲ್ಲ. ಮೊಮ್ಮಗಳ ಹಳೆಯ ಲ್ಯಾಪ್‌ಟಾಪು ಇದೆ. ಅದರಲ್ಲಿ ಇಂಗ್ಲಿಷು, ತೆಲುಗು, ಮತ್ತೆ ಅವಳ ಆಟಗಳು. ಕನ್ನಡದ ಕೀಲಿಮಣೆ ಹಾಕಲು ಹೋಗಿ ನಾನೊಮ್ಮೆ ಏನೋ ಕೆಡಿಸಿದೆ. “ತಾತ, ಪ್ಲೀಸ್” ಎಂದು ಅವಳು ಎರಡೂ ಕೈ ಜೋಡಿಸಿದಳು.

ದಾರಿ ತೋರಿಸಿದವನು ನಮ್ಮ ಸಂಘದ ಹುಡುಗನೊಬ್ಬ. “ಸಾರ್, ಕಂಪ್ಯೂಟರ್ ಯಾರದ್ದಾದರೂ ಇರಲಿ, ಆಪರೇಟಿಂಗ್ ಸಿಸ್ಟಮ್ಮನ್ನೇ ನೀವು ಜೇಬಿನಲ್ಲಿ ಒಯ್ಯಿರಿ” ಎಂದ. ಲಿನಕ್ಸ್ ಎಂಬ, ದುಡ್ಡಿಲ್ಲದೆ ದೊರೆಯುವ ವ್ಯವಸ್ಥೆಯನ್ನು ಯುಎಸ್‌ಬಿ ಡ್ರೈವಿನಲ್ಲಿ ಇಟ್ಟುಕೊಳ್ಳುವುದು. ಕಂಪ್ಯೂಟರು ಏಳುವಾಗ ಎಫ್12ನ್ನೋ ಅಂಥದೇ ಇನ್ನೊಂದು ಕೀಲಿಯನ್ನೋ ಒತ್ತಿ, ನಿನ್ನ ಹೊಟ್ಟೆಯೊಳಗಿನದನ್ನು ಬಿಟ್ಟು ಇದನ್ನು ಓದು ಎಂದು ಹೇಳುವುದು. ಕೆಲಸವಾದ ಮೇಲೆ ಡ್ರೈವು ಕಿತ್ತುಕೊಂಡರೆ ಮೊಮ್ಮಗಳ ಆಟ ಎಲ್ಲಿತ್ತೋ ಅಲ್ಲೇ ಇರುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ಜರ್ಮನಿಯ ಕ್ಲಾಸ್ ಕ್ನಾಪರ್ ಎಂಬುವರು 2000ರ ಹೊತ್ತಿಗೇ ಕ್ನಾಪಿಕ್ಸ್ ಎಂಬುದನ್ನು ಸಿ.ಡಿ.ಯಿಂದ ಓಡಿಸಿ ತೋರಿಸಿದ್ದರು. ನಮ್ಮ ಸಿ-ಡ್ಯಾಕ್ ಸಂಸ್ಥೆಯವರ ‘ಬಾಸ್’ ಕೂಡ ಲಿನಕ್ಸಿನ ವಂಶದ್ದೇ, ಭಾರತೀಯ ಭಾಷೆಗಳಿಗಾಗಿ ರೂಪಿಸಿದ್ದು. ನನಗೆ ಬೇಕಾದ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಇದೆ ಎಂದು ತಿಳಿದ ಮೇಲೆ ಬೇರೆ ಯೋಚನೆಯೇ ಬರಲಿಲ್ಲ. ಬೆರಳುಗಳು ‘ನುಡಿ’ಯಲ್ಲಿ ಪಳಗಿದ್ದು ಅದೇ ವಿನ್ಯಾಸಕ್ಕೆ.

ತಪ್ಪಿದ್ದು ಡ್ರೈವಿನ ವಿಷಯದಲ್ಲಿ. ಯಾವುದೋ ವಿಚಾರಸಂಕಿರಣದ ಚೀಲದಲ್ಲಿ ಬಿಟ್ಟಿ ಬಂದ 32 ಜಿಬಿಯ ಪೆನ್‌ಡ್ರೈವೊಂದು ಮನೆಯಲ್ಲಿತ್ತು. ಜಾಗ ಧಾರಾಳ, ಇದೇ ಆದೀತು ಎಂದೆ. ಹುಡುಗ ತಲೆ ಕೆರೆದುಕೊಂಡ, ಹಿರಿಯರ ಎದುರು ಹೆಚ್ಚು ಮಾತಾಡಲಿಲ್ಲ. ಎರಡು ತಿಂಗಳು ನಡೆಯಿತು, ನಡೆಯಿತೆನ್ನುವುದಕ್ಕಿಂತ ತೆವಳಿತು. ಒಂದು ಸಾಲು ಬರೆದು ಉಳಿಸಲು ಹೇಳಿದರೆ ಅರ್ಧ ನಿಮಿಷ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ಡ್ರೈವನ್ನು ಮುಟ್ಟಿದರೆ ದೋಸೆಯ ಹೆಂಚು. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅದು ಏಳಲೇ ಇಲ್ಲ. ನಕಲು ಇಟ್ಟಿರಲಿಲ್ಲವೇ ಎಂದು ತಾವು ಕೇಳುತ್ತೀರಿ. ಇಟ್ಟಿದ್ದೆ, ಅದೇ ಪೆನ್‌ಡ್ರೈವಿನ ಇನ್ನೊಂದು ಮೂಲೆಯಲ್ಲಿ!

ನೋಟುಪುಸ್ತಕ ಇನ್ನೂ ಇತ್ತು, ಅದು ಬೇರೆ. ಆದರೆ ಅಕ್ಕ ಹೇಳಿ ಬರೆಸಿದ್ದೆಲ್ಲ ಹೋಯಿತು. ಆ ದಿನ ಅವಳಿಗೆ ಫೋನು ಮಾಡುವ ಧೈರ್ಯವಾಗಲಿಲ್ಲ.

ಆಮೇಲೆ ಕೂತು ಕಲಿತೆ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ ವೇಗ ಸಾಮಾನ್ಯವಾಗಿ ಓದುವ ವೇಗ. ಅದೂ ಸಿನಿಮಾದಂಥ ಒಂದೇ ದೊಡ್ಡ ಕಡತವನ್ನು ಸಾಲಾಗಿ ಓದುವಾಗಿನದು. ಆಪರೇಟಿಂಗ್ ಸಿಸ್ಟಮ್ ಹಾಗೆ ನಡೆಯುವುದಿಲ್ಲ. ಅದು ಅಲ್ಲೊಂದು ಇಲ್ಲೊಂದು 4 ಕೆಬಿಯ ಚೂರುಗಳನ್ನು ಸದಾ ಬರೆಯುತ್ತಿರುತ್ತದೆ, ನಾವು ಸುಮ್ಮನೆ ಕೂತಿದ್ದರೂ ತನ್ನ ದಿನಚರಿ ಬರೆದುಕೊಳ್ಳುತ್ತದೆ. ಈ ಫ್ಲ್ಯಾಶ್ ಸ್ಮೃತಿಯ ಸ್ವಭಾವವೆಂದರೆ, ಬರೆದದ್ದರ ಮೇಲೆ ನೇರವಾಗಿ ತಿದ್ದಲು ಬರುವುದಿಲ್ಲ. ಒಂದಕ್ಷರ ತಿದ್ದಲು ಇಡೀ ಪುಟವನ್ನು ಅಳಿಸಿ ಮತ್ತೆ ಬರೆದ ಹಾಗೆ. ಒಂದೊಂದು ಪುಟವನ್ನೂ ಇಷ್ಟು ಸಲ ಅಳಿಸಬಹುದೆಂಬ ಲೆಕ್ಕವುಂಟು. ಆಮೇಲೆ ಕಾಗದ ಸವೆದು ತೂತು. ಸವೆತವನ್ನು ಎಲ್ಲ ಪುಟಗಳಿಗೂ ಹಂಚುವ ಜಾಣತನ ಎಸ್‌ಎಸ್‌ಡಿ ಎಂಬ ಬಗೆಯಲ್ಲಿ ಚೆನ್ನಾಗಿದೆ, ಅಗ್ಗದ ಪೆನ್‌ಡ್ರೈವುಗಳಲ್ಲಿ ಅಷ್ಟಿಲ್ಲ.

ಮೂವತ್ತೈದು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನಿಗೆ ಇದು ತಾನಾಗಿ ಹೊಳೆಯಬೇಕಿತ್ತು. 1990ರಲ್ಲಿ ನಮ್ಮ ಮೊದಲ ಊದುಕುಲುಮೆ ‘ಗೋದಾವರಿ’ ಹೊತ್ತಿಕೊಂಡಾಗಿನಿಂದ ನಾವು ಕಾಯುತ್ತಿದ್ದುದು ಕುಲುಮೆಯ ಗಾತ್ರವನ್ನಲ್ಲ, ಒಳಗಿನ ಇಟ್ಟಿಗೆಯ ಪದರ ಎಷ್ಟು ಸವೆದಿದೆ ಎಂಬುದನ್ನು.

ಮುಂದಿನ ಸಲ ವಿಜಯವಾಡಕ್ಕೆ ಹೋದಾಗ ಗವರ್ನರುಪೇಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಉಗುರಿನಷ್ಟು ಪುಟ್ಟದೊಂದನ್ನು ತೆಗೆದು, “ಇದಿ ಚಾಲು ಬಾಬಾಯ್” ಎಂದ. ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮಲ್ಲಿ ಚಾಲು ಎಂದರೆ ನಡೆಯುತ್ತಿರುವುದು. ಅವನ ಚಾಲು ನನ್ನ ಚಾಲು ಆದೀತೇ ಎಂಬುದೇ ಪ್ರಶ್ನೆ. ಅಷ್ಟು ಪುಟ್ಟದಕ್ಕೆ ಬಿಸಿ ಹೊರಗೆ ಹೋಗಲು ಮೈಯೇ ಇಲ್ಲ. ಬೇಡವೆಂದೆ. ಎರಡನೆಯದು ಉದ್ದನೆಯದು, 128 ಜಿಬಿ, ಯುಎಸ್‌ಬಿ 3ರದು. ಯುಎಸ್‌ಬಿ 2ರ ದಾರಿ ಸೆಕೆಂಡಿಗೆ 480 ಮೆಗಾಬಿಟ್ಟಿನದಾದರೆ ಮೂರರದು 5 ಗಿಗಾಬಿಟ್ಟಿನಿಂದ ಶುರು; ಕಂಪ್ಯೂಟರಿನ ಕಿಂಡಿಯೂ ಅದೇ ಜಾತಿಯದಾಗಿರಬೇಕು, ಬಹಳಷ್ಟು ಕಡೆ ಒಳಗೆ ನೀಲಿ ನಾಲಿಗೆ ಕಾಣುತ್ತದೆ. ಆಗಾಗ ಕಂಪ್ಯೂಟರು ರಿಪೇರಿ ಮಾಡಲು, ವ್ಯವಸ್ಥೆಯೊಂದನ್ನು ಸುಮ್ಮನೆ ಓಡಿಸಿ ನೋಡಲು ಅದು ಧಾರಾಳವಾಗಿ ಸಾಕು. ದಿನವೂ ಅದರಲ್ಲೇ ಕೂತು ಬರೆಯುವವನಿಗೆ ಸಾಲದು. ಕಡೆಗೆ 256 ಜಿಬಿಯ ಪುಟ್ಟ ಎಸ್‌ಎಸ್‌ಡಿಯನ್ನೇ ಕೊಂಡೆ. ಪೆನ್‌ಡ್ರೈವಿನ ಎಷ್ಟೋ ಪಟ್ಟು ಬೆಲೆ. ಮಗಳು, “ಅಪ್ಪ ದುಡ್ಡು ಬಿಚ್ಚಿದರಲ್ಲ!” ಎಂದು ತಾಯಿಗೆ ಫೋನು ಮಾಡಿ ಹೇಳಿದಳಂತೆ.

ಮನೆಗೆ ತಂದೊಡನೆ ಎಫ್3 ಎಂಬ ಉಚಿತ ತಂತ್ರಾಂಶದಿಂದ ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿಸಿ ನೋಡಿದೆ. ಹೊರಗೆ 256 ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಮಾಲು ಪೇಟೆಯಲ್ಲಿ ಉಂಟು. ತುಂಬುವವರೆಗೆ ಅದರ ಬಣ್ಣ ಬಯಲಾಗುವುದಿಲ್ಲ. ಆಮೇಲೆ ಲಿನಕ್ಸನ್ನು ಅದರ ಮೇಲೆಯೇ ಪೂರ್ತಿಯಾಗಿ ಸ್ಥಾಪಿಸಿದೆ. ಬರೀ ಓಡಿಸಿ ನೋಡುವ ಬಗೆಯಲ್ಲಿ, ಉಳಿಸಿಕೊಳ್ಳುವ ಏರ್ಪಾಡನ್ನು ಬೇರೆಯಾಗಿ ಮಾಡದಿದ್ದರೆ, ಯಂತ್ರ ಆರಿಸಿದೊಡನೆ ಬರೆದದ್ದೆಲ್ಲ ಮಾಯವಾಗುತ್ತದೆ. ರೈಲಿನಲ್ಲಿ ಬಿದ್ದುಹೋದರೆ ಎಂದು ಇಡೀ ಡ್ರೈವಿಗೆ ಗುಪ್ತಪದದ ಬೀಗವನ್ನೂ ಹಾಕಿದೆ. ಆ ಪದ ಮನೆಯವಳಿಗೂ ಗೊತ್ತು. ಇಂಥದನ್ನು ಮಾಡುವವರಿಗೆ ಒಂದು ಮಾತು: ಇತರರ ಕಂಪ್ಯೂಟರಿನಲ್ಲಿ ‘ಸೆಕ್ಯೂರ್ ಬೂಟ್’ ಮುಂತಾದುವನ್ನು ಕೇಳದೆ ಬದಲಿಸಬೇಡಿ. ಬಿಟ್‌ಲಾಕರ್ ಬೀಗವಿದ್ದರೆ ಅದು ಮಾಲೀಕರನ್ನೇ ಗುರುತು ಕೇಳಿ ಬಾಗಿಲಲ್ಲಿ ನಿಲ್ಲಿಸೀತು.

ಎಲ್ಲ ಸರಿಹೋದ ಮೇಲೆ ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅದೆಲ್ಲಾ ಹೇಳಿ ಮುಗಿಸಿದ್ದೆನಲ್ಲೋ” ಎಂದಳು, ಬೈಯಲಿಲ್ಲ. ಮರುದಿನದಿಂದ ಮತ್ತೆ ಶುರು ಮಾಡಿದೆವು. ನಾನು ವಿಶಾಖಪಟ್ಟಣದಲ್ಲಿದ್ದಾಗ ಇಲ್ಲಿಯ ಹಳೆಯ ಯಂತ್ರದಲ್ಲಿ, ವಿಜಯವಾಡದಲ್ಲಿದ್ದಾಗ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ, ಎರಡು ಕಡೆಯೂ ಅದೇ ಪರದೆ, ಅದೇ ಕನ್ನಡ, ನಿಲ್ಲಿಸಿದ ಸಾಲಿನಿಂದಲೇ ಮುಂದಕ್ಕೆ. ಭಾನುವಾರ ಭಾನುವಾರ ಎರಡು ನಕಲು: ಒಂದು ಇಲ್ಲಿಯ ಬೀರುವಿನಲ್ಲಿರುವ ಬೇರೆ ಡ್ರೈವಿಗೆ, ಇನ್ನೊಂದು ಮಗಳಿಗೆ ಮಿಂಚಂಚೆಯಲ್ಲಿ.

ಈ ಸಲ ಅಕ್ಕ ಬೇಗ ದಣಿಯುತ್ತಾಳೆ. ಹಸೆಯ ಹಾಡುಗಳೆಲ್ಲ ಬಂದವು, ಆರತಿಯವೂ ಬಂದವು. ಉರುಟಣೆಯ ಹಾಡೊಂದರಲ್ಲಿ, ಗಂಡಿನ ಕಡೆಯವರನ್ನು ಹಾಸ್ಯ ಮಾಡುವ ಕೊನೆಯ ಎರಡು ನುಡಿ, ಮೊದಲ ಸಲ ನಕ್ಕು ನಕ್ಕು ಹೇಳಿದ್ದವು, ಈಗ ನೆನಪಾಗುತ್ತಿಲ್ಲ. ನನಗೂ ಇಲ್ಲ; ಬರೆದುಕೊಂಡೆನಲ್ಲ ಎಂದು ನಾನು ಮರೆತುಬಿಟ್ಟಿದ್ದೆ. ಕಡತದಲ್ಲಿ ಎಂಟು ಸಾಲಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಓದುಗರ ಮನೆಗಳಲ್ಲಿ ತುಮಕೂರು, ತಿಪಟೂರು ಕಡೆಯ ಹಿರಿಯ ತಾಯಂದಿರಿದ್ದರೆ, ಇಂಥ ಹಾಡು ಅವರಿಗೆ ಬರುತ್ತಿದ್ದರೆ, ದಯವಿಟ್ಟು ಸಂಪಾದಕರ ಮೂಲಕ ತಿಳಿಸಬೇಕು.