ಎರಡು ಬಾಗಿಲಿನ ಆಸೆ

ಐವತ್ತರ ಹತ್ತಿರ ಬಂದವನು ಎರಡು ಬಾಗಿಲಿನ ಕಾರು ಬೇಕು ಅಂದರೆ ಎಲ್ಲರಿಗೂ ಕಾರಣ ಹೇಳಬೇಕಾಗುತ್ತದೆ. ಹೆಂಡತಿಗೆ ಒಂದು ಹೇಳಿದೆ, ಊರಿನಲ್ಲಿರುವ ಅಪ್ಪನಿಗೆ ಇನ್ನೊಂದು, ಇಲ್ಲಿನ ಕನ್ನಡ ಕೂಟದ ಗೆಳೆಯರಿಗೆ ಮತ್ತೊಂದು. ನನಗೆ ನಾನು ಮಾತ್ರ ಯಾವ ಕಾರಣವನ್ನೂ ಹೇಳಿಕೊಂಡಿರಲಿಲ್ಲ.

ಆಯ್ಕೆ ಇದ್ದದ್ದು ಎರಡು ಕೂಪೆಗಳ, ಅಂದರೆ ಎರಡು ಬಾಗಿಲಿನ ಕಾರುಗಳ, ನಡುವೆ. ಒಂದು, ಮರ್ಸಿಡಿಸ್ ಬೆಂಜ್ ಸಿಎಲ್‌ಇ 450 ಕೂಪೆ. ಸಿ-ಕ್ಲಾಸ್ ಮತ್ತು ಇ-ಕ್ಲಾಸ್ ಕೂಪೆಗಳೆರಡನ್ನೂ ಕೈಬಿಟ್ಟು ಅವುಗಳ ಜಾಗಕ್ಕೆ ಕಂಪನಿ 2023ರಲ್ಲಿ ಪರಿಚಯಿಸಿದ ಕಾರಿದು. ಸಾಲಾಗಿ ಕೂತ ಆರು ಸಿಲಿಂಡರಿನ 3 ಲೀಟರ್ ಟರ್ಬೊ ಇಂಜಿನ್, 375 ಅಶ್ವಶಕ್ತಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 65,000 ಡಾಲರ್ ದಾಟುತ್ತದೆ. ಇನ್ನೊಂದು, ಟೊಯೊಟಾ ಜಿಆರ್86. 2.4 ಲೀಟರಿನ ನಾಲ್ಕು ಸಿಲಿಂಡರ್, 228 ಅಶ್ವಶಕ್ತಿ, ಬೆಲೆ ಹೆಚ್ಚುಕಮ್ಮಿ ಅದರ ಅರ್ಧ. ಯಾವುದನ್ನು ಬೇಕಾದರೂ ಕೊಳ್ಳುವ ಶಕ್ತಿ ಈಗ ನನಗಿದೆ. ದುಡ್ಡಿನ ಅಡ್ಡಿ ಇದ್ದಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲದ್ದರಿಂದಲೇ ನನ್ನ ಆಸೆಯನ್ನು ಹತ್ತಿರದಿಂದ ನೋಡಬೇಕಾಯಿತು.

ಅಪ್ಪ ವಿಡಿಯೊ ಕಾಲ್‌ನಲ್ಲಿ ಕೇಳಿದ್ದು ಒಂದೇ ವಿಷಯ.

“ಎಷ್ಟು ಬಾಗಿಲು ಅಂದೆ?”

“ಎರಡೇ ಅಪ್ಪ.”

“ಮತ್ತೆ ಹಿಂದಿನ ಸೀಟಿಗೆ ಹೋಗೋದು ಹೆಂಗೆ?”

“ಮುಂದಿನ ಸೀಟು ಬಗ್ಗಿಸಿ ಹೋಗ್ಬೇಕು.”

“ನಿಮ್ಮಮ್ಮ ಬಂದ್ರೆ?”

ಈ ಪ್ರಶ್ನೆಯಲ್ಲಿ ಆಕ್ಷೇಪಣೆ ಇರಲಿಲ್ಲ. ಅಮ್ಮನ ಮಂಡಿನೋವು ಅವರಿಗೆ ಗೊತ್ತು, ಅಷ್ಟೆ. ತುಮಕೂರು ಜಿಲ್ಲೆಯ ಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ನಿವೃತ್ತಿಗೆ ಸ್ವಲ್ಪ ಮುಂಚೆ ಕೊಂಡದ್ದು ಸೆಕೆಂಡ್ ಹ್ಯಾಂಡ್ ಮಾರುತಿ 800. ಅದರಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೇವೆ. ನಮ್ಮ ಮನೆಗಳಲ್ಲಿ ಕಾರಿನ ಯೋಗ್ಯತೆಯನ್ನು ಅಳೆಯುವುದೇ ಎಷ್ಟು ಜನ ಹಿಡಿಯುತ್ತಾರೆ ಅನ್ನುವುದರ ಮೇಲೆ. ಕೂಪೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ದುಬಾರಿಯದಿರಲಿ, ಅಗ್ಗದ್ದಿರಲಿ, ಅದು ಓಡಿಸುವವನಿಗಾಗಿ ಮಾಡಿದ ಕಾರು. ಮನೆಯಲ್ಲಿ ಸಿಯೆನ್ನಾ ವ್ಯಾನ್ ಇದೆ, ಅಮ್ಮ ಬಂದರೆ ಅದರಲ್ಲಿ ಆರಾಮವಾಗಿ ಓಡಾಡುತ್ತಾರೆ. ಆದರೂ ಇಷ್ಟು ದುಡ್ಡನ್ನು ನನ್ನೊಬ್ಬನ ಖುಷಿಗೆ ಖರ್ಚು ಮಾಡುತ್ತಿದ್ದೇನೆ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕಿತ್ತು. ಅದನ್ನು ಒಪ್ಪಿಕೊಳ್ಳಲು ಹಿಡಿದಷ್ಟು ಕಾಲ ಉಳಿದ ಯಾವುದಕ್ಕೂ ಹಿಡಿಯಲಿಲ್ಲ.

ಬೆಂಜ್ ಬಗ್ಗೆ ಒಂದು ಮಾತನ್ನೂ ಕಡಿಮೆ ಮಾಡಿ ಹೇಳಲಾರೆ. ಹಿಡಿಕೆ ಎಳೆದರೆ ಚೌಕಟ್ಟಿಲ್ಲದ ಕಿಟಕಿಯ ಗಾಜು ತುಸು ಕೆಳಗಿಳಿದು ಬಾಗಿಲು ಬಿಡಿಸಿಕೊಳ್ಳುತ್ತದೆ. ಕೂತು ಬಾಗಿಲು ಹಾಕಿಕೊಂಡರೆ ಹಿಂದಿನಿಂದ ಒಂದು ಸಣ್ಣ ತೋಳು ಚಾಚಿ ಸೀಟ್ ಬೆಲ್ಟನ್ನು ಭುಜದ ಪಕ್ಕಕ್ಕೆ ತಂದುಕೊಡುತ್ತದೆ. ಕೂಪೆಯ ಬಾಗಿಲು ಉದ್ದ, ಹಾಗಾಗಿ ಬೆಲ್ಟಿನ ಕಂಬ ತೀರಾ ಹಿಂದೆ ಉಳಿಯುತ್ತದೆ. ಕೈ ತಿರುಚಿ ಹುಡುಕುವ ಕಷ್ಟವನ್ನು ಯಾರೋ ಇಂಜಿನಿಯರ್ ಮೊದಲೇ ಯೋಚಿಸಿ ತಪ್ಪಿಸಿದ್ದಾನೆ. ಸಾಲಿನ ಆರು ಸಿಲಿಂಡರ್‌ಗಳ ಎಳೆತಗಳು ಒಂದನ್ನೊಂದು ಸರಿದೂಗಿಸುವುದರಿಂದ ಇಂಜಿನ್ನಿನ ನಡುಕ ಅಂಗೈಗೆ ಗೊತ್ತೇ ಆಗುವುದಿಲ್ಲ. ಇಂಟರ್‌ಸ್ಟೇಟ್ 280ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೋಗುವಾಗ ಎಡಕ್ಕೆ ಬೆಟ್ಟದ ಸಾಲು, ಕೆಳಗೆ ನೀಲಿ ಜಲಾಶಯ, ಒಳಗೆ ಪೂರ್ತಿ ನಿಶ್ಶಬ್ದ. ಇಂಥ ಕಾರು ಮಾಡಿದವರ ಕೆಲಸದ ಬಗ್ಗೆ ಗೌರವ ಹುಟ್ಟುತ್ತದೆ. ಅದರ ಸ್ವಲ್ಪ ಪಾಲು ನಮ್ಮವರಿಗೂ ಸಲ್ಲುತ್ತದೆ, ಯಾಕೆಂದರೆ ಮರ್ಸಿಡಿಸ್‌ನ ದೊಡ್ಡ ಸಂಶೋಧನಾ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿದೆ.

ಆದರೆ ಒಂದು ರಾತ್ರಿ ನಿದ್ದೆ ಬಾರದೆ ಆ ಕಾರನ್ನು ನೆನೆಯುತ್ತ ಮಲಗಿದ್ದಾಗ ಒಂದು ಸಂಗತಿ ಹೊಳೆಯಿತು. ನನ್ನ ಕನಸಿನಲ್ಲಿ ಬೆಂಜ್ ಯಾವತ್ತೂ ನಿಂತೇ ಇರುತ್ತಿತ್ತು. ದೇವಸ್ಥಾನದ ಪಾರ್ಕಿಂಗ್‌ನಲ್ಲಿ, ಯುಗಾದಿ ಕಾರ್ಯಕ್ರಮ ನಡೆಯುವ ಸಭಾಂಗಣದ ಎದುರು, ಆಫೀಸಿನ ಬಾಗಿಲ ಬಳಿ. ನಾನು ಇಳಿಯುತ್ತಿರುತ್ತೇನೆ, ನಾಲ್ಕು ಜನ ನೋಡುತ್ತಿರುತ್ತಾರೆ. ಅದು ತಿರುವಿನಲ್ಲಿ ವಾಲುವುದನ್ನಾಗಲಿ, ಏರಿನಲ್ಲಿ ಉಸಿರೆಳೆದುಕೊಳ್ಳುವುದನ್ನಾಗಲಿ ನಾನು ಕಲ್ಪಿಸಿಕೊಂಡೇ ಇರಲಿಲ್ಲ. ವೀಸಾದ ಹಂಗಿನಲ್ಲಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಳೆದವನಿಗೆ “ಇಲ್ಲಿಗೆ ಬಂದು ಮುಟ್ಟಿದೆ” ಎಂದು ತೋರಿಸುವ ಹಂಬಲ ಇರುವುದು ಸಹಜ. ಅದಕ್ಕೆ ನಾಚಿಕೆ ಪಡುವುದಿಲ್ಲ. ಆದರೆ ಆ ಹಂಬಲಕ್ಕೂ ಕಾರು ಓಡಿಸುವುದಕ್ಕೂ ಸಂಬಂಧವಿಲ್ಲ.

ಹಾಗಾದರೆ ಜಿಆರ್86 ಶುದ್ಧ ಪ್ರೀತಿಯೋ? ಬಹಳ ದಿನ ಹಾಗೇ ನಂಬಿದ್ದೆ. ಅದನ್ನೂ ಅದೇ ರೀತಿ ಕೆದಕಿ ನೋಡಿದಾಗ ಸಿಕ್ಕಿದ್ದು ಇನ್ನೂ ಸೂಕ್ಷ್ಮವಾದ ಸಂಗತಿ. ಆ ಕಾರನ್ನು ನೆನೆದಾಗಲೆಲ್ಲ ಮನಸ್ಸಿನೊಳಗೆ ನಾನು ಯಾರಿಗೋ ಅದರ ಬೆಲೆ ಹೇಳುತ್ತಿದ್ದೆ. “ಬೆಂಜ್ ತಗೋಬಹುದಿತ್ತು, ಅರ್ಧ ದುಡ್ಡಲ್ಲಿ ಮುಗಿಸಿದೆ.” ಕೇಳಿದವರು ತಲೆದೂಗುತ್ತಿದ್ದರು. ಸರಳವಾಗಿ ಬದುಕಿದವರಿಗೆ ನಮ್ಮಲ್ಲಿ ದೊಡ್ಡ ಮರ್ಯಾದೆ ಇದೆ. ಮೇಷ್ಟ್ರ ಮನೆಯಲ್ಲಿ ಬೆಳೆದ ನನಗೆ ಆ ಮರ್ಯಾದೆಯ ರುಚಿ ಚೆನ್ನಾಗಿ ಗೊತ್ತು. ಸಿರಿವಂತಿಕೆ ತೋರಿಸಿದರೆ ಹೊಟ್ಟೆಕಿಚ್ಚಾದರೂ ಪಡುತ್ತಾರೆ. ಸರಳತೆ ತೋರಿಸಿದರೆ ಕೈಮುಗಿಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚಿನ ಅಹಂಕಾರ ಎಂದು ಕೇಳಿಕೊಂಡಾಗ ನನಗೆ ಎರಡನೆಯದರ ಬಗ್ಗೆಯೇ ಹೆಚ್ಚು ಭಯವಾಯಿತು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಅವಳೆಂದಳು: “ಯಾವ್ದು ತಗೊಂಡ್ರೆ ಯಾರು ಏನಂತಾರೆ ಅನ್ನೋದನ್ನೇ ಹೇಳ್ತಿದೀರಲ್ರೀ. ಯಾವ್ದನ್ನ ಓಡಿಸೋಕೆ ಬೆಳಿಗ್ಗೆ ಬೇಗ ಏಳ್ತೀರಿ, ಅದನ್ನ ಹೇಳಿ.”

ಗೆಳೆಯರೊಬ್ಬರ ಜಿಆರ್86 ತೆಗೆದುಕೊಂಡು ಭಾನುವಾರ ಬೆಳಗಾಗುವಷ್ಟರಲ್ಲಿ ಸಾರಾಟೋಗಾದಿಂದ ಹೈವೇ 9 ಹಿಡಿದು ಸ್ಕೈಲೈನ್ ಕಡೆ ಹತ್ತಿದೆ. ರೆಡ್‌ವುಡ್ ಮರಗಳ ನಡುವಿನ ಕಿರಿದಾದ ರಸ್ತೆ, ಒಂದರ ಹಿಂದೊಂದು ತಿರುವು. ಈ ಕಾರಿನ ಇಂಜಿನ್ ಸುಬಾರು ಕಂಪನಿಯದು. ಪಿಸ್ಟನ್‌ಗಳು ನಿಂತು ಕುಣಿಯುವುದಿಲ್ಲ, ಅಡ್ಡಡ್ಡ ಮಲಗಿ ಎದುರುಬದುರು ಚಲಿಸುತ್ತವೆ. ಹಾಗಾಗಿ ಇಂಜಿನ್ನಿನ ಭಾರ ನೆಲಕ್ಕೆ ಹತ್ತಿರವಿರುತ್ತದೆ, ಕಾರು ತಿರುವಿನಲ್ಲಿ ಹೊಯ್ದಾಡುವುದಿಲ್ಲ. ತೂಕ ಬೆಂಜ್‌ಗಿಂತ ಸುಮಾರು 600 ಕೆ.ಜಿ. ಕಡಿಮೆ. 1983ರಿಂದ 1987ರವರೆಗೆ ಬಂದ ಹಗುರವಾದ ಕೊರೊಲ್ಲಾ, ಎಇ86, ಇದರ ಪೂರ್ವಜ. ಟೊಯೊಟಾದ ಟಾಡಾ ಟೆಟ್ಸುಯಾ ಅವರ ನೇತೃತ್ವದಲ್ಲಿ ರೂಪುಗೊಂಡ 86, ಅಂದರೆ ಜಿಆರ್86ರ ಹಿಂದಿನ ತಲೆಮಾರು, ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಅದರ ಇಂಜಿನ್ನಿನ ಸಿಲಿಂಡರ್ ವ್ಯಾಸವೂ 86 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 86 ಮಿ.ಮೀ. ಆಗ ಅದಕ್ಕೆ ಪ್ರಿಯಸ್‌ಗೆ ಹಾಕುತ್ತಿದ್ದಂಥ ಸಾಧಾರಣ ಟೈರ್ ಹಾಕಿದ್ದರು. ಕಾರಿನ ಮಿತಿ ಹತ್ತಿರದಲ್ಲೇ ಇರಲಿ, ಸಾಮಾನ್ಯ ವೇಗದಲ್ಲೇ ಅದು ಕೈಗೆ ತಿಳಿಯಲಿ ಎಂಬುದು ಅವರ ಆಶಯ. ಆ ಆಶಯ ನನಗೆ ತುಂಬ ಹಿಡಿಸುತ್ತದೆ.

ಇಳಿಯುವಾಗ ಒಂದು ಹಿಮ್ಮುರಿ ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಗೇರ್ ಇಳಿಸಬೇಕಾಯಿತು. ಬ್ರೇಕ್ ಮೇಲಿದ್ದ ಬಲಗಾಲನ್ನು ವಾಲಿಸಿ ಆಕ್ಸಿಲರೇಟರನ್ನು ಒಮ್ಮೆ ಮುಟ್ಟಿ ಕ್ಲಚ್ ಬಿಟ್ಟೆ. ಒಂದಿಷ್ಟೂ ಜಗ್ಗದೆ ಗೇರ್ ಕೂತಿತು. ಆಗ ನೆನಪಾದದ್ದು ಚಾರ್ಮಾಡಿ ಘಾಟಿ. ಚಿಕ್ಕವನಿದ್ದಾಗ ಧರ್ಮಸ್ಥಳದ ಬಸ್ಸಿನಲ್ಲಿ ಹಟ ಮಾಡಿ ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಕೂರುತ್ತಿದ್ದೆ. ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾದರೆ ಅವರು ಕ್ಲಚ್ಚನ್ನು ಎರಡೆರಡು ಸಲ ಒತ್ತುತ್ತಿದ್ದರು, ನಡುವೆ ಒಂದು ಸಲ ಇಂಜಿನ್ ಗುಡುಗುತ್ತಿತ್ತು, ಉದ್ದನೆಯ ಗೇರ್ ಕೋಲು ಒಳಗೆ ಜಾರುತ್ತಿತ್ತು. ಬಾನೆಟ್ಟಿನ ಬಿಸಿ ಚಡ್ಡಿಗೆ ತಾಗುತ್ತಿತ್ತು. ಅವರು ಯಾಕೆ ಹಾಗೆ ಮಾಡುತ್ತಿದ್ದರೆಂದು ಗೊತ್ತಾದದ್ದು ಇಂಜಿನಿಯರಿಂಗ್ ಓದುವಾಗ. ಇಂಜಿನ್ನಿನ ವೇಗವನ್ನೂ ಗೇರಿನ ವೇಗವನ್ನೂ ಕಿವಿಯಲ್ಲೇ ಅಳೆದು ಹೊಂದಿಸುತ್ತಿದ್ದರು. ಆ ಖಾಕಿ ತೊಟ್ಟ ಮನುಷ್ಯ ಯಾರನ್ನೂ ಮೆಚ್ಚಿಸಲು ಹಾಗೆ ಮಾಡುತ್ತಿರಲಿಲ್ಲ. ಹಿಂದೆ ಕೂತವರು ತೂಕಡಿಸುತ್ತಿದ್ದರು. ಬೇರೆಯವರ ಕಣ್ಣಿಲ್ಲದ ಒಂದು ಆಸೆ ನನ್ನೊಳಗೂ ಉಳಿದಿದೆ ಅನ್ನುವುದು ಆ ತಿರುವಿನಲ್ಲಿ ಖಾತ್ರಿಯಾಯಿತು.

ಇನ್ನೊಂದು ಲೆಕ್ಕವೂ ಇದೆ. ಬೆಂಜ್ ಕೊಡುವ ನಿಶ್ಶಬ್ದ ನನಗೆ ಅರವತ್ತರಲ್ಲೂ ಬೇಕಾಗಬಹುದು. ಆಗ ಅದು ಯಾವುದಾದರೂ ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ. ಮೂರು ಪೆಡಲ್ಲಿನ, ಟರ್ಬೊ ಇಲ್ಲದ, ಹಿಂದಿನ ಚಕ್ರ ತಳ್ಳುವ ಹಗುರ ಕಾರು ಆಗ ಸಿಗುವ ಭರವಸೆ ಇಲ್ಲ. ಎರಡು ಬಾಗಿಲಿನ ಕಾರುಗಳೇ ಒಂದೊಂದಾಗಿ ಮರೆಯಾಗುತ್ತಿವೆ. ಆಡಿ ಟಿಟಿ 2023ರಲ್ಲಿ ನಿಂತಿತು, ಷೆವರ್ಲೆ ಕಮಾರೊ ಕೂಡ ಅದೇ ವರ್ಷದ ಕೊನೆಯಲ್ಲಿ. ಯುರೋಪಿನ ಹೊಸ ಸುರಕ್ಷತಾ ನಿಯಮಗಳ ಕಾರಣ ಅಲ್ಲಿ ಜಿಆರ್86 ಎರಡೇ ವರ್ಷ ಮಾರಾಟವಾಯಿತು. ಕ್ಲಚ್ ಒತ್ತುವ ನನ್ನ ಎಡ ಮಂಡಿಗೂ ವಯಸ್ಸಾಗುತ್ತಿದೆ, ಅದು ಅಮ್ಮನಿಂದ ಬಂದ ಮಂಡಿ.

ಜಿಆರ್86ಗೆ ಮುಂಗಡ ಕೊಟ್ಟಿದ್ದೇನೆ, ಮ್ಯಾನ್ಯುಯಲ್ ಗೇರಿನದು. ಅಪ್ಪನಿಗೆ ಎರಡು ಬಾಗಿಲಿನದೇ ಅಂತ ಮೊದಲೇ ತಿಳಿಸಿದ್ದೇನೆ. ಬೆಲೆ ಎಷ್ಟು ಎಂದು ಕೇಳಿದವರಿಗೆ ಹೇಳಬಾರದೆಂದು ತೀರ್ಮಾನಿಸಿದ್ದೇನೆ.