ಅಂಟು, ನಂಟು

ಕನ್ನಡದಲ್ಲಿ ಅಂಟಿಗೂ ನಂಟಿಗೂ ಒಂದೇ ಅಕ್ಷರದ ಅಂತರ. ಮಿದುಳು ರೂಪುಗೊಳ್ಳುವ ಬಗೆಯನ್ನು ಓದುವಾಗೆಲ್ಲ ನನಗೆ ಈ ಜೋಡಿ ನೆನಪಾಗುತ್ತದೆ.

1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೇಟರ್ ಎಂಬ ವಿಜ್ಞಾನಿಗಳು ಉಭಯಚರ ಜೀವಿಗಳ ಭ್ರೂಣದ ಜೀವಕೋಶಗಳನ್ನು ಬಿಡಿಬಿಡಿಯಾಗಿಸಿ ಕಲಸಿಟ್ಟರು. ಜಾತ್ರೆಯಲ್ಲಿ ಕಳೆದುಹೋದವರು ತಮ್ಮವರನ್ನು ಹುಡುಕಿಕೊಂಡಂತೆ, ಚರ್ಮವಾಗಬೇಕಾದವು ಹೊರಗೆ, ನರವಾಗಬೇಕಾದವು ಒಳಗೆ ಗುಂಪುಗೂಡಿದವು. ಹೀಗೆ ಗುರುತು ಹಿಡಿಯುವುದರಲ್ಲಿ ಕೋಶದ ಮೈಮೇಲಿನ ಅಂಟು ಪ್ರೋಟೀನುಗಳ ಪಾಲು ದೊಡ್ಡದು ಎಂಬುದು ಆಮೇಲೆ ತಿಳಿಯಿತು. ಜಪಾನಿನ ಮಸಾತೋಶಿ ತಾಕೇಚಿ ಅವುಗಳಲ್ಲಿ ಒಂದು ಬಗೆಗೆ ಕ್ಯಾಡ್‌ಹೆರಿನ್ ಎಂದು ಹೆಸರಿಟ್ಟರು. ಕ್ಯಾಲ್ಸಿಯಂ ಇದ್ದರೆ ಮಾತ್ರ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮುಂದೆ ಮಿದುಳಾಗುವ ಕೊಳವೆ ಚರ್ಮದ ಪದರದಿಂದ ಮಡಚಿಕೊಂಡು ಬೇರೆಯಾಗುವಾಗ ಅದರ ಕೋಶಗಳು ಹಳೆಯ ಇ-ಕ್ಯಾಡ್‌ಹೆರಿನ್ ಕಳಚಿ ಎನ್-ಕ್ಯಾಡ್‌ಹೆರಿನ್ ತೊಡುತ್ತವೆ. ಒಂದು ನಂಟು ಬಿಟ್ಟು ಇನ್ನೊಂದನ್ನು ಹಿಡಿಯುವುದರಿಂದಲೇ ಮಿದುಳಿನ ಬದುಕು ಶುರು.

ಇದೆಲ್ಲ ನನಗೆ ಬರೀ ಪಾಠವಾಗಿ ಉಳಿಯದಿರಲು ಕಾರಣ ನನ್ನ ಸೋದರತ್ತೆಯ ಮಗ. ಅವನಿಗೆ ಹುಟ್ಟಿನಿಂದ ವಾಸನೆ ತಿಳಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ಪಕ್ಕದಲ್ಲೇ ಕೂತು ಓದುತ್ತಿದ್ದ. ಮನೆಯವರಿಗೆ ಅದೊಂದು ತಮಾಷೆ. ಹದಿನೇಳಾದರೂ ದನಿ ಒಡೆಯಲಿಲ್ಲ, ಮೀಸೆ ಚಿಗುರಲಿಲ್ಲ. ತಮಾಷೆ ನಿಂತು ಪಿಸುಮಾತು ಹುಟ್ಟಿತು. "ನಿಮ್ ಕಡೆ ಯಾರಿಗಾದ್ರೂ ಹೀಗಿತ್ತೇನಮ್ಮ?" ಎಂದು ಅವನ ಅಜ್ಜಿ ಸೊಸೆಯನ್ನು ಕೇಳಿದ್ದು ಒಂದು ಸಲವಲ್ಲ. ಆ ಕಡೆ ಎಂದರೆ ನಮ್ಮ ಕಡೆ. ಅತ್ತೆ ತವರಿಗೆ ಬರುವುದೇ ಕಡಿಮೆಯಾಯಿತು.

ಕೊನೆಗೆ ಒಬ್ಬ ವೈದ್ಯೆ, ಬೇರೇನೂ ಕೇಳುವ ಮೊದಲೇ, "ಮಲ್ಲಿಗೆ ವಾಸನೆ ಗೊತ್ತಾಗುತ್ತೇನಪ್ಪ?" ಎಂದರು.

ಆ ಪ್ರಶ್ನೆಯ ಹಿಂದಿದ್ದದ್ದು ಕಾಲ್‌ಮನ್ ಸಿಂಡ್ರೋಮ್. ಹರೆಯಕ್ಕೆ ಸೂಚನೆ ಕೊಡುವ ನರಕೋಶಗಳು ಮಿದುಳಿನೊಳಗೆ ಹುಟ್ಟುವುದಿಲ್ಲ. ಭ್ರೂಣದ ಮೂಗಿನ ಬಳಿ ಹುಟ್ಟಿ, ಮೂಗಿನಿಂದ ಹೊರಟ ನರದ ಎಳೆಗಳ ಜಾಡು ಹಿಡಿದು ಮಿದುಳಿಗೆ ನಡೆದುಬರುತ್ತವೆ. ಈ ಕಾಯಿಲೆಗೆ ಕಾರಣವಾಗುವ ವಂಶವಾಹಿಗಳು ಹಲವು. ಅವುಗಳಲ್ಲಿ ಮೊದಲು, 1991ರಲ್ಲಿ, ಸಿಕ್ಕಿದ್ದು ಅನೋಸ್ಮಿನ್ ಎಂಬ ಪ್ರೋಟೀನನ್ನು ತಯಾರಿಸುವಂಥದ್ದು. ಕೋಶಗಳ ಹೊರಗಿದ್ದು ಎಳೆಗಳಿಗೆ ಹಿಡಿತವನ್ನೂ ದಾರಿಯನ್ನೂ ಕೊಡುವ ಪ್ರೋಟೀನು ಅದು. ಅದಿಲ್ಲದಿದ್ದರೆ ಎಳೆಗಳು ಮಿದುಳನ್ನು ಮುಟ್ಟುವುದಿಲ್ಲ. ಅವನ್ನು ನಂಬಿ ಹೊರಟ ಕೋಶಗಳು ನಡುದಾರಿಯಲ್ಲೇ ನಿಲ್ಲುತ್ತವೆ. ವಾಸನೆಯೂ ಹರೆಯವೂ ಒಟ್ಟಿಗೆ ತಪ್ಪುವುದು ಅದಕ್ಕೇ.

ಹಾರ್ಮೋನ್ ಚಿಕಿತ್ಸೆಯಿಂದ ಅವನ ದನಿ ಒಡೆಯಿತು, ಮೀಸೆ ಬಂತು. ವಾಸನೆ ಬರಲಿಲ್ಲ. ಹೊಸ ದನಿಯಲ್ಲಿ ಅಜ್ಜಿಗೆ ವಿವರಿಸಿದವನು ಅವನೇ: "ಅಮ್ಮಂದೇನೂ ತಪ್ಪಿಲ್ಲ ಅಜ್ಜಿ. ನಾನು ಹುಟ್ಟೋಕೆ ಮುಂಚೆ ಒಂದಿಷ್ಟು ಕೋಶ ದಾರಿ ಸಿಗದೆ ನಿಂತುಬಿಟ್ವು, ಅಷ್ಟೇ."

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯನ್ನು ಕರೆದು, "ಈ ಸಲ ಹಬ್ಬಕ್ಕೆ ತವರಿಗೆ ಹೋಗಿ ಬಾಮ್ಮ" ಎಂದರು.